ಸುಟ್ಟ ತೊಲೆಯ ಮಣೆ

ಅನಂತ ಚತುರ್ದಶಿ, ಬೆಳಿಗ್ಗೆ ಆರೂವರೆ. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ, ಇಬ್ಬರೇ. ಗಣಪತಿಯನ್ನು ಕಳಿಸುವ ದಿನವಾದ್ದರಿಂದ ಅಟ್ಟದ ಮೇಲಿನ ಮಣೆಗಳನ್ನು ಇಳಿಸಿದೆ. ಒಂದು ನಮ್ಮದು, ಅಪ್ಪ ಧಾರವಾಡದಿಂದ ತಂದದ್ದು. ಇನ್ನೊಂದು ಎದುರು ಮನೆಯವನದು. ಒದ್ದೆ ಬಟ್ಟೆಯಿಂದ ಒರೆಸಿದೊಡನೆ ಅವನ ಮಣೆಯಿಂದ ಹೊಗೆಯ ವಾಸನೆ ಎದ್ದಿತು. ಪ್ರತಿ ವರ್ಷ ಏಳುತ್ತದೆ. ಆಗೆಲ್ಲ ನನಗೆ ಅಪ್ಪನ ಚಹಾ ನೆನಪಾಗುತ್ತದೆ, ಹಳೆಯ ಹೊಟ್ಟೆಕಿಚ್ಚೂ.

ಎದುರು ಮನೆಯವನು ಪುಣೆಯ ಅಗ್ನಿಶಾಮಕ ದಳದಲ್ಲಿದ್ದ. ನಿಪ್ಪಾಣಿ ಕಡೆಯವನು, ನನ್ನದೇ ವಯಸ್ಸು. ಬೆಂಕಿ ಆರಿಸುವ ಗಾಡಿಗೆ ಇಲ್ಲಿ ಬಂಬ ಎನ್ನುತ್ತಾರೆ. ಹಾಗಾಗಿ ಅಪ್ಪನ ಬಾಯಲ್ಲಿ ಅವನು ‘ಬಂಬಿನಾಂವ’. ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಕಟ್ಟಡಕ್ಕೆ ಬಂದ. ಬಂದ ವಾರದಲ್ಲೇ ಅವನ ಕೆಸರು ಬೂಟುಗಳು ಮೆಟ್ಟಿಲಿನ ಮೇಲೆ, ಒದ್ದೆ ಖಾಕಿ ನಮ್ಮ ಗ್ಯಾಲರಿಯ ತಂತಿಯ ಮೇಲೆ. ನಾನು ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೆ. ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗುರುತು ಹಾಕುವುದು ನನ್ನ ಕೆಲಸ. ಅವನು ನಮ್ಮಲ್ಲಿ ಇದ್ದಿದ್ದರೆ ಎಷ್ಟು ಗುರುತು ಹಾಕಬೇಕಾಗುತ್ತಿತ್ತೋ...

ಅಪ್ಪ ನಿವೃತ್ತ ಹೆಡ್‌ಮಾಸ್ತರರು. ಅವರ ಚಹಾ ಏಳಕ್ಕೆ. ಸ್ನಾನ ಮುಗಿಸಿ ನಾನು ಎರಡು ನಿಮಿಷ ತಡವಾಗಿ ಬಂದರೆ ಅಪ್ಪನ ಕಪ್ಪು ಖಾಲಿಯಾಗಿ, ನನ್ನದು ಆರಿ ಕೂತಿರುತ್ತಿತ್ತು. ಹುಡುಗನಾಗಿದ್ದಾಗಲೂ ಹಾಗೆಯೇ, ನನ್ನ ಕೂದಲು ನೆರೆತ ಮೇಲೂ ಹಾಗೆಯೇ. ಅಂಥ ಅಪ್ಪ, ಬಂಬಿನವನ ರಾತ್ರಿ ಪಾಳಿಯ ಮರುದಿನ ಚಹಾ ಮುಟ್ಟುತ್ತಿರಲಿಲ್ಲ. ಕಪ್ಪಿನ ಮೇಲೆ ತಟ್ಟೆ ಮುಚ್ಚಿ ಗ್ಯಾಲರಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಅವನ ಸೈಕಲ್ ತಿರುವಿನಲ್ಲಿ ಕಂಡರೆ ಮುಖ ಅರಳುತ್ತಿತ್ತು.

“ಎಲ್ಲಿ ಹೋಗಿತ್ತೋ ನಿನ್ನ ಗಾಡಿ?”

“ಎಲ್ಲಿ ಹೋಗ್ತೈತ್ರಿ ಅಪ್ಪಾರ, ಒಂದು ಬೆಕ್ಕಿನ ಹಿಂದ! ಗಿಡಾ ಏರಿ ಕುಂತಿತ್ತು. ನಾ ಏಣಿ ಹಚ್ಚಿ ಏರಿದ್ನಿ, ಅದು ನನ್ನ ಮಾರಿ ನೋಡಿ ತಾನ ಇಳದು ಹೋತು. ನಾನ ಮ್ಯಾಲ ಉಳದ್ನಿ.”

“ಮತ್ತ ನಿನ್ನ ಇಳಸ್ಲಿಕ್ಕೆ ಇನ್ನೊಂದು ಬಂಬ ಬಂತೇನು?”

ಇಬ್ಬರೂ ನಗುತ್ತಿದ್ದರು. ಅಪ್ಪ ತೊಡೆ ತಟ್ಟಿಕೊಂಡು ನಗುವುದನ್ನು ನಾನು ಮೊದಲು ನೋಡಿದ್ದೇ ಆಗ. ನಾನು ಚೀಲ ಹಿಡಿದು ಅವರ ಮುಂದೆಯೇ ಕೆಲಸಕ್ಕೆ ಹೊರಡುತ್ತಿದ್ದೆ. ಸಂಜೆ ಮರಳಿದಾಗ ನಿನ್ನ ದಿನ ಹೇಗಿತ್ತು ಎಂದು ಅಪ್ಪ ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೂ ಹೇಳಲು ನನ್ನಲ್ಲಿ ಬೆಕ್ಕಿರಲಿಲ್ಲ.

ಒಂದು ಬೆಳಿಗ್ಗೆ ಮಾತ್ರ ಅವನು ನಗಲಿಲ್ಲ. ಪೇಟೆಯ ಹಳೆಯ ಮರದ ವಾಡೆಯೊಂದು ಹೊತ್ತಿ ಉರಿದಿತ್ತು. ಅಲ್ಲಿನ ಮುದುಕಿಯೊಬ್ಬಳನ್ನು ಬೆನ್ನ ಮೇಲೆ ಹೊತ್ತು ಇಳಿಸಿದ್ದನಂತೆ. ಆಕೆಯ ಗಂಡನಿಗಾಗಿ ತಿರುಗಿ ಹೋಗುವಷ್ಟರಲ್ಲಿ ಮೆಟ್ಟಿಲು ಕುಸಿದಿತ್ತು. ಅಷ್ಟು ಹೇಳಿ ಗೋಡೆಗೆ ಒರಗಿ ಕೂತ. ಅಪ್ಪ ತಮ್ಮ ಕಪ್ಪನ್ನೇ ಅವನ ಮುಂದೆ ಸರಿಸಿದರು. ಕೆಲವು ತಿಂಗಳ ಮೇಲೆ ಆ ಮನೆಯವರು ಅವನನ್ನು ಕರೆದು, ಉಳಿದ ತೇಗದ ತೊಲೆಯ ಒಂದು ತುಂಡು ಕೊಟ್ಟರು. ಅದರಿಂದ ಅವನು ಗಣಪತಿ ಹೊರುವ ಮಣೆ ಮಾಡಿಸಿದ. ಬಡಗಿ ಎಷ್ಟು ಹೆರೆದರೂ ಒಂದು ಮೂಲೆಯ ಕಪ್ಪು ಹೋಗಲಿಲ್ಲ.

ಆದರೆ ಆ ಮಣೆಯನ್ನು ಅವನು ಒಮ್ಮೆಯೂ ಹೊರಲಿಲ್ಲ. ವಿಸರ್ಜನೆಯ ದಿನ ಅಗ್ನಿಶಾಮಕ ದಳದವರಿಗೆ ರಜೆ ಇಲ್ಲ. ಹಗ್ಗ, ರಬ್ಬರ್ ಟ್ಯೂಬು ಹಿಡಿದು ಘಾಟಿನಲ್ಲಿ ಸೊಂಟದ ನೀರಲ್ಲಿ ನಿಲ್ಲಬೇಕು. ಜನ ಆಳಕ್ಕೆ ಇಳಿಯದಂತೆ ತಡೆದು, ಅವರ ಗಣಪತಿಗಳನ್ನು ತಾವೇ ಇಸಿದುಕೊಂಡು ಮುಳುಗಿಸಿ, ಖಾಲಿ ಮಣೆಯ ಮೇಲೆ ಒಂದು ಹಿಡಿ ಮರಳಿಟ್ಟು ಕೊಡಬೇಕು. ಆ ಮರಳನ್ನು ಮನೆಗೆ ತಂದು ಮೂಲೆಮೂಲೆಗೆ ಎರಚುವುದು ಇಲ್ಲಿನ ಪದ್ಧತಿ, ನಾವೂ ಕಲಿತಿದ್ದೇವೆ. ಊರಿನವರ ದೇವರನ್ನೆಲ್ಲ ಅವನು ಕಳಿಸಿಕೊಡುತ್ತಿದ್ದ, ಅವನ ಮನೆಯ ದೇವರನ್ನು ಹೊತ್ತೊಯ್ಯುವವನು ನಾನು. ಅವನ ಹೆಂಡತಿ ಬಂದು “ಅಣ್ಣಾರ, ಈ ವರ್ಷಾನೂ ನೀವ” ಎನ್ನುತ್ತಿದ್ದಳು. ಅಲ್ಲ ಎನ್ನುವುದು ಹೇಗೆ?

ನಮ್ಮ ಗಣಪತಿಯನ್ನು ನೀರಿಗೆ ಬಿಡುತ್ತಿದ್ದವರು ಅಪ್ಪನೇ. ಘಾಟಿನ ಒಂದು ಬದಿ, ನೀರು ಮೊಣಕಾಲಷ್ಟೇ ಇರುವ ಮೆಟ್ಟಿಲಲ್ಲಿ ನಿಂತು, ಯಾರ ಕೈಗೂ ಕೊಡದೆ ಬಿಡುತ್ತಿದ್ದರು. ಎರಡು ಸಾವಿರದ ಇಸವಿಯ ನಂತರ ಒಂದು ವರ್ಷ ಅವರ ಮೊಣಕಾಲು ಸೋತವು. ಆ ವರ್ಷ ಬಿಡುವ ಸರದಿ ನನ್ನದು ಎಂದುಕೊಂಡೆ. ಯಾರೂ ಹೇಳಬೇಕಾಗಿರಲಿಲ್ಲ, ಮಗ ನಾನೊಬ್ಬನೇ. ಹೊಸ ಧೋತರ ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದೆ.

ರಿಕ್ಷಾದಲ್ಲಿ ಅಪ್ಪನ ತೊಡೆಯ ಮೇಲೆ ನಮ್ಮ ಗಣಪತಿ, ನನ್ನ ತೊಡೆಯ ಮೇಲೆ ಬಂಬಿನವನದು. ಘಾಟಿನಲ್ಲಿ ನೂಕುನುಗ್ಗಲು. ಅಪ್ಪ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಲಿನ ಮೆಟ್ಟಿಲಲ್ಲೇ ಕೂತರು. ಜನ ಸಾಮಾನು ದಾಟಿಸುವಂತೆ ದೇವರನ್ನು ನೀರಲ್ಲಿ ನಿಂತ ಅಗ್ನಿಶಾಮಕ ಜವಾನರ ಕೈಗೆ ತುರುಕಿ, “ಸಾವಕಾಶ್, ಸಾವಕಾಶ್!” ಎಂದು ಅವರಿಗೇ ಗದರುತ್ತಿದ್ದರು. ನಾನು ಮಣೆ ಬದಲಿಸಿಕೊಳ್ಳಲು ಅಪ್ಪನ ಕಡೆ ಕೈ ಚಾಚಿದೆ. ಅಪ್ಪ ಕೊಡಲಿಲ್ಲ. ನೀರಿನತ್ತ ನೋಡುತ್ತ ಕೂಗಿದರು:

“ಏ ಬಂಬಿನಾಂವಾ! ಇಲ್ಲಿ ಬಾರೋ!”

ಅವನು ತೊಯ್ದ ಖಾಕಿಯಲ್ಲೇ ಬಂದು ನಿಂತ. ಅಪ್ಪ ಕುಂಕುಮದ ಬಟ್ಟಲು ತೆಗೆದು ಮೊದಲು ಅವನ ಹಣೆಗೆ ಹಚ್ಚಿದರು. ಪ್ರಸಾದದ ಮೊದಲ ತುತ್ತನ್ನು ಅವನ ಬಾಯಿಗೇ ಇಟ್ಟರು. ಆಮೇಲೆ ಎರಡೂ ಕೈಯಿಂದ ಮಣೆ ಕೊಟ್ಟು, ಕೂತಲ್ಲಿಂದಲೇ ಕೈ ಮುಗಿದರು. ಗಣಪತಿಗೋ ಅವನಿಗೋ... ಅವನು ಅಳುಮುಖ ಮಾಡಿ, “ಅಪ್ಪಾರ, ಹಿಂಗೆಲ್ಲಾ ಮಾಡಬ್ಯಾಡ್ರಿ” ಎಂದ. ನನ್ನ ಹೊಸ ಧೋತರ ಒಣಗಿಯೇ ಇತ್ತು.

ನಮ್ಮದನ್ನು ಬಿಟ್ಟು ಬಂದವನಿಗೆ ಅವನ ಮಣೆಯನ್ನೂ ಚಾಚಿದೆ. ಸ್ವಲ್ಪ ಜೋರಾಗಿಯೇ ಚಾಚಿದೆ. ಅವನು ಕೈ ಹಿಂದೆ ಎಳೆದುಕೊಂಡ.

“ಇದು ನೀವ ಬಿಡ್ರಿ ಸಾಹೇಬ್ರ. ನಾ ಬಿಟ್ರ ಡ್ಯೂಟಿ ಆಕ್ಕೈತಿ. ನೀವು ಬಿಟ್ರ ಮನೀದು ಆಕ್ಕೈತಿ.”

ನನ್ನ ರಟ್ಟೆ ಹಿಡಿದು ಇಳಿಸಿದ. ಅವನ ಹಿಡಿತ ಎಷ್ಟು ಗಟ್ಟಿಯೆಂದರೆ ಜಾರಬೇಕೆಂದರೂ ಜಾರಲಾಗದು. ಅವನ ದೇವರನ್ನು ನಾನು ಬಿಟ್ಟೆ. ಅಲ್ಲಿಯೂ ಕೊಡುವವನು ಅವನೇ ಆದ, ಪಡೆಯುವವನು ನಾನು. ಅಪ್ಪ ಮೆಟ್ಟಿಲ ಮೇಲಿಂದ ನೋಡುತ್ತಿದ್ದರು. ಅವನನ್ನೋ, ನನ್ನನ್ನೋ, ತಿಳಿಯಲಿಲ್ಲ...

ವಾಪಸಾಗುವಾಗ ರಿಕ್ಷಾದಲ್ಲಿ ಕೇಳಿಯೇಬಿಟ್ಟೆ. “ಅಪ್ಪಾ, ನನ್ನ ಕೈಯಾಗ ಯಾಕ ಕೊಡಲಿಲ್ಲ?”

“ನಿನಗ ಕೊಟ್ಟಿದ್ರ ನೀ ಬರೋಬ್ಬರಿ ಬಿಡ್ತಿದ್ದಿ. ಅದು ನನಗ ಯಾವಾಗಿಂದೂ ಗೊತ್ತದ,” ಎಂದರು ಅಪ್ಪ. “ಮುಂಜಾನಿಂದ ನೀರಾಗ ನಿಂತಾನ. ಅವಗ ಒಬ್ಬರರೆ ಕುಂಕುಮಾ ಹಚ್ಚಿದ್ರೇನು?”

ಜೀವಮಾನವಿಡೀ ನಾನು ಕಾದಿದ್ದ ಮಾತು ಅದು. ಬಂತು, ಬಂಬಿನವನ ಕುರಿತ ಮಾತಿನ ಜೊತೆಗೆ ಬಂತು.

ಮರುವರ್ಷದ ಹಬ್ಬಕ್ಕೆ ಅಪ್ಪ ಇರಲಿಲ್ಲ. ಮುಂದೆ ಬಂಬಿನವನು ನಿವೃತ್ತನಾಗಿ ಊರಿಗೆ ಹೊರಟಾಗ ಪುಣೆಯ ಅಂಚಿನ ಕಾತ್ರಜದವರೆಗೆ ಹೋಗಿ ಬಸ್ಸು ಹತ್ತಿಸಿದೆ. ಊರಿನಲ್ಲಿ ಅವನ ಅಣ್ಣನ ಮನೆಯಲ್ಲಿ ಗಣಪತಿ ಇತ್ತು, ಹಾಗಾಗಿ ಮಣೆ ನನ್ನ ಬಳಿಯೇ ಉಳಿಯಿತು. ಮೂರ್ನಾಲ್ಕು ವರ್ಷ ಕಳೆದು ಅವನ ಹೆಂಡತಿಯ ಫೋನು ಬಂತು. ಉಸಿರಿನ ತೊಂದರೆ ಇತ್ತಂತೆ. ಕೊನೆಯ ದಿನಗಳಲ್ಲಿ ಅಪ್ಪನ ಚಹಾದ ಮಾತೇ ಆಡುತ್ತಿದ್ದನಂತೆ. ಅದನ್ನೂ ಅವನೇ ಒಯ್ದ.

ಇವತ್ತು ನಮ್ಮ ಗಣಪತಿಯನ್ನು ಅವನ ಮಣೆಯ ಮೇಲೆ ಒಯ್ದೆ. ಮರಳು ತರಲು ನಮ್ಮ ಮಣೆಯನ್ನೂ ಹೆಂಡತಿ ಹಿಡಿದುಕೊಂಡಳು. ಘಾಟಿನಲ್ಲಿ ಗುರುತಿಲ್ಲದ ಜವಾನ, ನಡುವಯಸ್ಸಿನವನು. ಅಪ್ಪ ಮಾಡಿದ ಕ್ರಮದಲ್ಲೇ ಮೊದಲು ಕುಂಕುಮ, ಆಮೇಲೆ ಪ್ರಸಾದ, ಆಮೇಲೆ ಎರಡೂ ಕೈಯಿಂದ ಮಣೆ. ಅವನು ಗಾಬರಿಯಾಗಿ ಹಿಂದೆ ಮುಂದೆ ನೋಡಿದ.

ಮನೆಗೆ ಬಂದು ಮರಳು ಎರಚಿ, ಎರಡೂ ಮಣೆ ತೊಳೆದು ಒಣಗಿಸಿದೆ. ಅಟ್ಟದಲ್ಲಿ ಅವನದನ್ನು ಕೆಳಗೆ, ನಮ್ಮದನ್ನು ಮೇಲೆ ಇಟ್ಟೆ. ಏಣಿ ಇಳಿದೆ. ಮತ್ತೆ ಹತ್ತಿ ಅವನದನ್ನು ಮೇಲೆ ಇಟ್ಟೆ. ಅಪ್ಪ ಇದ್ದಿದ್ದರೆ ಹಾಗೆಯೇ ಇಡಿಸುತ್ತಿದ್ದರು.