ಅಕ್ಕ ಹೇಳಿಕೊಟ್ಟ ವಿಜ್ಞಾನ

ಜನಸಾಮಾನ್ಯರು ವಿಜ್ಞಾನವನ್ನು ಹೇಗೆ ಕಾಣುತ್ತಾರೆ ಎಂದು ಚರ್ಚಿಸುವುದಕ್ಕೆಂದೇ ಒಂದು ವಿದ್ವತ್ ಪತ್ರಿಕೆ ಇದೆ. ಶಿವಮೊಗ್ಗದ ನಮ್ಮ ಕಾಲೇಜಿಗೆ ಅದು ವಿದೇಶದಿಂದ ಬರುತ್ತಿತ್ತು. ಬಂದೊಡನೆ ಗಾಜಿನ ಬೀರು ಸೇರಿ ಬೀಗ ಹಾಕಿಸಿಕೊಳ್ಳುತ್ತಿತ್ತು. ಜನಸಾಮಾನ್ಯರ ಕೈಗೆ ಸಿಗಬಾರದಲ್ಲ! ಸಿಕ್ಕಿದ್ದರೂ ಅಪಾಯವೇನಿರಲಿಲ್ಲ. ಭೌತಶಾಸ್ತ್ರದ ಮೇಷ್ಟ್ರಾದ ನನಗೇ ಅದರ ಒಂದು ವಾಕ್ಯ ದಾಟಲು ಒಂದು ಲೋಟ ಕಾಫಿ ಬೇಕಾಗುತ್ತಿತ್ತು.

ಆದರೂ ಅದರ ಮೇಲೆ ನನ್ನ ಕಣ್ಣು ಬಿದ್ದದ್ದು ರೀಡರ್ ಹುದ್ದೆಯ ಆಸೆಯಿಂದ. ಅದು ತೊಂಬತ್ತರ ದಶಕದ ಕೊನೆ. ಅಂಥ ಪತ್ರಿಕೆಯಲ್ಲೊಂದು ಲೇಖನ ಅಚ್ಚಾಗದಿದ್ದರೆ ನಿವೃತ್ತಿಯವರೆಗೂ ಲೆಕ್ಚರರ್ ಆಗಿಯೇ ಇರುತ್ತೀರಿ ಎಂದು ಪ್ರಿನ್ಸಿಪಾಲರು ನಗುನಗುತ್ತಲೇ ಹೇಳಿದ್ದರು. ವಿಷಯವೇನೋ ಥಟ್ಟನೆ ಹೊಳೆಯಿತು: ಜನರ ಮೂಢನಂಬಿಕೆ. ಅದಕ್ಕೇನು ನಮ್ಮಲ್ಲಿ ಬರವೇ? ವಿನೋಬನಗರದ ನೆರೆಯವರನ್ನು ಕೇಳಲು ಮಾತ್ರ ಧೈರ್ಯ ಬರಲಿಲ್ಲ, ದಿನಾ ಮುಖ ನೋಡಬೇಕಾದವರು. ಭದ್ರಾವತಿಯ ಬಸ್ಸು ಹತ್ತಿದೆ. ಅಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನನ್ನ ಅಕ್ಕ ಶಾರದೆಯಿದ್ದಳು. ಆ ಸಾಲಿನಲ್ಲಿ ಅವಳು ಹೊಕ್ಕಿರದ ಅಡುಗೆಮನೆಯಿರಲಿಲ್ಲ.

ನನ್ನ ಪ್ರಶ್ನೆಗಳು ಸರಳ. ಸೂರ್ಯಗ್ರಹಣ ಯಾಕಾಗುತ್ತದೆ? ಅಮಾವಾಸ್ಯೆಯ ದಿನ ಹೊಸ ಕೆಲಸ ಶುರು ಮಾಡಬಹುದೇ? ಬೆಕ್ಕು ಅಡ್ಡ ಬಂದರೆ ಏನು ಮಾಡುತ್ತೀರಿ?

"ಇದಕ್ಕೆಲ್ಲ ಸರಿಯುತ್ತರ ಏನೋ?" ಎಂದಳು ಅಕ್ಕ. ಪಾಠ ಹೇಳುವ ಚಟ ನನ್ನದು, ಬಿಡಿಸಿ ಹೇಳಿದೆ. "ನೀನು ತಿಂಡಿ ಮುಗಿಸು. ನೀನು ಬರೋದನ್ನ ಎಲ್ಲರಿಗೂ ತಿಳಿಸಿ ಬರ್ತೀನಿ" ಎಂದು ಹೊರಟಳು.

ಅವಳು ತಿರುಗಿ ಬಂದ ಮೇಲೆ ಇಬ್ಬರೂ ಕೂಡಿಯೇ ಮನೆಮನೆಗೆ ಹೊರಟೆವು. ಮೊದಲ ಮನೆಯಲ್ಲಿ, "ಚಂದ್ರನ ನೆರಳು ಸಾರ್." ಪಕ್ಕದ ಮನೆಯಲ್ಲೂ ಅದೇ. ಅಮಾವಾಸ್ಯೆ? "ಎಲ್ಲಾ ದಿನಾನೂ ಒಂದೇ ಸಾರ್." ಬೆಕ್ಕು? "ಅದರ ಪಾಡಿಗೆ ಅದು ಹೋಗುತ್ತೆ." ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದವರೂ ಅದರ ಕೆಳಗೇ ನಿಂತು ಹೀಗೇ ಹೇಳಿದರು. ಇಷ್ಟು ವೈಚಾರಿಕ ಜನರನ್ನು ಕಟ್ಟಿಕೊಂಡು ಲೇಖನ ಬರೆಯುವುದು ಹೇಗೆ? ಒಬ್ಬರಾದರೂ ತಪ್ಪು ಹೇಳಲಪ್ಪ ದೇವರೇ ಎಂದು ಮನಸ್ಸಿನಲ್ಲೇ ಕೈಮುಗಿದೆ.

ದೇವರು ಕಣ್ಣುಬಿಟ್ಟ. ಕೊನೆಯ ಮನೆ ತಮಿಳಿನ ಮುನಿಯಮ್ಮನದು. ಬೇಸತ್ತಿದ್ದ ನಾನು ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಿದೆ: "ಬೆಕ್ಕು ಅಡ್ಡ ಬಂದ್ರೆ ಏನ್ ಮಾಡ್ತೀರಮ್ಮ?"

"ಚಂದ್ರನ ನೆರಳು ಸಾರ್" ಎಂದ ಮುನಿಯಮ್ಮ, ನನ್ನ ಮುಖ ನೋಡಿ ಗಾಬರಿಯಾಗಿ ಅಕ್ಕನತ್ತ ತಿರುಗಿದರು. "ಏನಕ್ಕಾ, ನೀವು ಇದೇ ತಾನೇ ಹೇಳಿಕೊಟ್ಟಿದ್ದು?"

ಅಕ್ಕನಿಗೆ ಒಂದಿಷ್ಟೂ ನಾಚಿಕೆಯಿಲ್ಲ. "ಹೂಂ ಕಣೋ. ಬಸ್ಸಲ್ಲಿ ನೇತಾಡ್ಕೊಂಡು ಬಂದಿದೀಯ. ತಪ್ಪು ಹೇಳಿದ್ರೆ ಅವರಿಗೂ ಅವಮಾನ, ನಿನಗೂ ಬೇಜಾರು. ನಿನ್ನ ಕೆಲಸ ಆಗ್ಬೇಕಲ್ಲ ಮಾರಾಯ!"

ಸಿಟ್ಟು ಬಂತು. ವಾಪಸಿನ ಬಸ್ಸಿನಲ್ಲಿ ನಗು ಬಂತು. ಮನೆಗೆ ಬಂದವನು ನಡೆದದ್ದನ್ನೇ ಬರೆದೆ: ನಮ್ಮ ಜನರ ಪಾಲಿಗೆ ವಿಜ್ಞಾನವೆಂದರೆ ಮೇಷ್ಟ್ರು ಮನೆಗೆ ಬಂದಾಗ ಕಾಫಿಯ ಜೊತೆ ಕೊಡುವ ಮರ್ಯಾದೆ. ಅಂಚೆಗೆ ಹಾಕಬೇಕೆಂದಿದ್ದ ದಿನದ ಹಿಂದಿನ ಸಂಜೆ ಅಕ್ಕನ ಫೋನು. "ನಾಳೆ ಅಮಾವಾಸ್ಯೆ ಕಣೋ, ನಾಡಿದ್ದು ಹಾಕು." ನಾಡಿದ್ದೇ ಹಾಕಿದೆ.

ಲೇಖನ ಅಚ್ಚಾಯಿತು. ರೀಡರ್ ಹುದ್ದೆಯ ಸಂದರ್ಶನಕ್ಕೂ ಕರೆ ಬಂತು. ಸಮಿತಿಯ ಹಿರಿಯರು ಲೇಖನವನ್ನು ಮೆಚ್ಚಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಊರವರದ್ದಾಯಿತು. ನೀವು ಹೇಳಿ, ಅಮಾವಾಸ್ಯೆ ದಿನ ಹೊಸ ಕೆಲಸ ಶುರು ಮಾಡ್ತೀರಾ?" ಎಂದರು.

ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

"ಎಲ್ಲಾ ದಿನಾನೂ ಒಂದೇ ಸಾರ್" ಎಂದೆ. ಪಾಸಾದೆ.