ಕರದ್ರೂ ಬರಲಿಲ್ಲ ಬಳುವಳಿ ಕುರಿ

ಕಂಬಳಿ ಮಾರೋ ಕನಕರಾಜಗ ಔರಾದ ಶಹಾಜನಿ ಸಂತ್ಯಾಗ ಗುರ್ತಿಲ್ಲದವ್ರು ಕಡಿಮಿ. ಇವತ್ತ ಔರಾದ, ನಾಳಿ ನಿಲಂಗಾ, ಮತ್ತೊಂದಿನ ಉದಗೀರ. ಹೆಗಲ ಮ್ಯಾಲ ಹೊತ್ಕೊಂಡು ತಿರಗಿ ಕಾಲು ಸವದ್ವು. ಕಂಬಳಿ ಕೇಳೋರು ಮಾತ್ರ ಕಡಿಮಿ ಆಗ್ಕೋತ ಹೋದ್ರು.

ಒಂದಿನ ಫೋನಿನ್ಯಾಗ ಕೋಟು ಹಾಕ್ಕೊಂಡ ಸರ್ ಒಬ್ಬ ಕಂಡ. ಮನ್ಯಾಗ ಕುಂತು ದೇಶಕ್ಕೆಲ್ಲ ಮಾಲ ಮಾರೋದು ಕಲಸ್ತೀನಿ ಅಂದ. ಕನಕರಾಜ ನಂಬರ ಒತ್ತಿದ. ಮರುದಿನದಿಂದ ಸರ್ ಕಡೀ ಒಬ್ಬ ಹುಡುಗಿ ಫೋನ್ ಹಚ್ಚಾಕ ಹತ್ತಿದ್ಳು. “ದಾದಾ, ಜೇವಣ ಝಾಲಾ ಕಾ?” ಅಂತ ಊಟ ಕೇಳಿನೇ ಮಾತಿಗಿ ಇಳೀತಿದ್ಳು. ದಿನಾ ಸಂತಿ ತಿರಗಿದ್ರೂ ಅವಗ ಊಟ ಆಯ್ತೇನು ಅಂತ ಯಾರೂ ಕೇಳಿದ್ದಿಲ್ಲ. ಕರಗಿಬಿಟ್ಟ.

“ಫೀ ಭಾಳ ಅದ ತಾಯಿ.”

“ಇವತ್ತ ನಾಳಿ ಎರಡೇ ದಿನ ದಾದಾ. ಆಮ್ಯಾಲ ಸೀಟ್ ಇಲ್ಲ.”

ಅಷ್ಟು ರೊಕ್ಕ ಎಲ್ಲೀದು? ಮನಿಗಿದ್ದದ್ದು ಕುರಿ. ಅವನ ಪಾಲಿನವು ಬರೇ ಸಣ್ಣ ಮರಿ; ಮಾರೋವಂಥವು ಹೆಂಡತಿ ಸುಗಂಧಾಳವು. ಕುರುಬರೊಳಗ ಮಗಳಿಗಿ ಮದವ್ಯಾಗ ಕುರಿ ಕೊಡ್ತಾರ. ಅವು ಬಳುವಳಿ ಕುರಿ. ಅವುಗಳ ಮರಿನೂ ಆಕಿವೇ. ಕಿವಿ ಕೊಯ್ದ ಗುರ್ತೂ ಬ್ಯಾರೆ. ಆಕಿಗಿ ಕೇಳಲಾರದೇ ಗಂಡ ಮಾರಂಗಿಲ್ಲ. ದೇವಣಿ ಕಡೀ ತವರಿಂದ ಬಂದ ಎರಡು ಕುರಿ ಬೆಳದು ಸಣ್ಣ ಹಿಂಡೇ ಆಗಿತ್ತು. ಮಗಳು ಶೀತಲಳ ಮದವ್ಯಾಗ ಕೊಡಬೇಕಂತ ಸುಗಂಧಾ ಇಟ್ಟಿದ್ಳು.

ಆ ಕುರಿ ಕನಕರಾಜನ ಅಣ್ಣ ಮಾಣಿಕಪ್ಪನ ಹಿಂಡಿನ ಕೂಡ ಉಮರ್ಗಾ ಕಡಿ ಮೇಯಾಕ ಹೋಗಿದ್ವು. ಕನಕರಾಜ ಅಲ್ಲಿಗೇ ಹೋಗಿ, “ಸುಗಂಧಾನೇ ಮಾರು ಅಂದಾಳ” ಅಂದ. ಬೀರಪ್ಪನ ಭಂಡಾರದ ಅರಿಶಿಣ ಮುಟ್ಟಿ ಹೇಳು ಅಂತ ಮಾಣಿಕಪ್ಪ ಕೇಳಲಿಲ್ಲ. ತಮ್ಮನ ಮಾತು. ಕುರಿ ಉದಗೀರ ಬಾಜಾರ ಕಂಡ್ವು.

ಮಳಿಗಾಲಕ್ಕ ಹಿಂಡ ತಿರಗಿ ಬರೂದ್ರಾಗ ಗಳಿಸಿ ಅಷ್ಟೇ ಕುರಿ ತಂದು ಕೂಡಸ್ತೀನಿ ಅಂತ ಅವನ ಎಣಿಕಿ.

ಕ್ಲಾಸ್ ಸುರು ಆಯ್ತು. ಸರ್ ಬಾಯಾಗ ಬರೇ ಇಂಗ್ಲಿಷ್. ಕನಕರಾಜ ನಾಕನೇ ಇಯತ್ತಾಕ ಸಾಲಿ ಬಿಟ್ಟವ. ಹ್ಯಾಂಗೋ ಮಾಡಿ ಕಂಬಳಿ ಫೋಟೋ ಹಾಕ್ದ. ಯಾರೋ ಒಬ್ಬ “ಮೈಗಿ ಚುಚ್ತದೇನು?” ಅಂತ ಕೇಳಿ ಸುಮ್ಮಾದ. ಅಷ್ಟೇ ಗಿರಾಕಿ. ಹುಡುಗಿಗಿ ಫೋನ್ ಹಚ್ಚಿದ.

“ತಿಳೀವಲ್ದು ತಾಯಿ, ರೊಕ್ಕ ತಿರಗಿ ಕೊಡ್ರಿ.”

“ಅಭ್ಯಾಸ ನೀವೇ ಮಾಡಿಲ್ಲ ದಾದಾ. ಇದಕ್ಕಿಂತ ದೊಡ್ಡ ಕೋರ್ಸ್ ಅದ, ಸೇರ್ರಿ.”

ಆಮ್ಯಾಲ ಆ ನಂಬರ ಹತ್ತಲೇ ಇಲ್ಲ.

ಹೆಂಡತಿಗಿ ಹೇಳಬೇಕಂತ ಒಲಿ ಮುಂದ ಬಂದು ಕುಂತ. ಸುಗಂಧಾ ರೊಟ್ಟಿ ಬಡಕೋತ, “ಈ ಸಲ ನಮ್ಮ ಕೆಂದ ಕುರಿ ಅವಳಿ ಈದಿರಬೇಕು ನೋಡ್ರಿ” ಅಂದ್ಳು. “ಹ್ಞೂಂ” ಅಂದು ಎದ್ದು ಹೊರಗ ಹೋದ.

ಮೊದಲ ಮಳಿಗಿ ಹಿಂಡ ಬಂತು. ಅವತ್ತ ಹೆಂಗಸ್ರು ಊರ ಹೊರಗ ನಿಂತು ತಮ್ಮ ತಮ್ಮ ಕುರಿ ಕರದು ಹಣಿಗಿ ಬೀರಪ್ಪನ ಭಂಡಾರ ಹಚ್ತಾರ. ಸುಗಂಧಾ ಕರದ್ಳು. ಮಂದಿ ಕುರಿ ಆಜೂಬಾಜೂ ಹಾದು ಹೋದ್ವು. ದನಿ ಎತ್ತರಿಸಿ ಮತ್ತ ಕರದ್ಳು.

ಬಾಜೂಮನಿ ಕಲ್ಯಾಣಮ್ಮ ನಕ್ಳು. “ಉಮರ್ಗಾದ ಮೇವಿನ ಸೊಕ್ಕವಾ! ನಿನ್ನ ಮರತಾವ.”

“ನಿನ್ನವು ಮರತಾವು. ನನ್ನವು ಮರ್ಯಾಂಗಿಲ್ಲ ಬಿಡು.”

ಕಡೀಕ ಮಾಣಿಕಪ್ಪ ಬಂದ.

“ಭಾವಾ, ನನ್ನವು ಹಿಂದ ಅವೇನ್ರಿ?”

ಮಾಣಿಕಪ್ಪ ಬಾಜೂಕ ನಿಂತಿದ್ದ ತಮ್ಮನ ಮಾರಿ ನೋಡ್ದ. “ನೀನೇ ಮಾರು ಅಂದಿ ಅಂತ ಒಯ್ದಾನಲ್ಲ ತಂಗಿ?”

“ಫೋನಿನ ಕ್ಲಾಸಿಗಿ ಕಟ್ಟೀನಿ” ಅಂದ ಕನಕರಾಜ. “ತಪ್ಪಾಯ್ತು.”

ಸುಗಂಧಾ ಒದರಲಿಲ್ಲ, ಅಳಲಿಲ್ಲ. “ಕೇಳಿದ್ರ ನಾನೇ ಕೊಡ್ತಿದ್ನಲ್ಲರಿ” ಅಂದ್ಳು. ಬೈದಿದ್ರ ಕನಕರಾಜ ತಡಕೋತಿದ್ದ.

ಕೆಲದಿನಕ್ಕ ಕನಕರಾಜ ತನ್ನ ಪಾಲಿನ ಎರಡು ಹೆಣ್ಣ ಮರಿ ತಂದು ಆಕಿ ಮುಂದ ಬಿಟ್ಟ. “ಶೀತಲಗ ಇರಲಿ.” ಆಕಿ ಅವುಗಳ ಮೈ ಸವರಿದ್ಳು.

“ಇರಲಿ. ಆದ್ರ ಈ ಹಿಂಡಾಗ ಬ್ಯಾಡ, ದೇವಣಿ ಕಡಿ ನಮ್ಮ ತಮ್ಮನ ಹಿಂಡಾಗ ಇರಲಿ.”

ಅವ ಮರಿ ಒಯ್ದು ಮುಟ್ಟಿಸಿದ. ಹೆಂಡತಿ ತಮ್ಮ ಕಾಶೆಪ್ಪ ಚಾಷ್ಟಿ ಮಾಡ್ದ: “ಯಾಕ ಮಾವಾ, ನಿಮ್ಮ ಹಿಂಡಾಗ ಜಾಗ ಇಲ್ಲೇನು?”

“ಇಲ್ಲಪಾ” ಅಂದ ಕನಕರಾಜ. ಚಹಾ ಕುಡೀಲಾರದೇ ತಿರಗಿ ಊರ ದಾರಿ ಹಿಡದ.