ಮೊರದಲ್ಲಿ ಒಣಗಿಸಿದ ಚಿಪ್

ಗಂಡನ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ. ಚಿಕ್ಕಮುನಿಯಪ್ಪ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಚಿಪ್ ಮುನಿಯಣ್ಣ ಎಂದರೇ ಗೊತ್ತಾಗುತ್ತಿತ್ತು. ಹೋದ ವರ್ಷ ಮಾರ್ಚ್ ತಿಂಗಳಲ್ಲಿ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದವರು ಕನ್ನಡಿಯ ಮುಂದೆಯೇ ಕುಸಿದರು. ಒಂದು ಕೆನ್ನೆಯಲ್ಲಿ ಸೋಪು ಹಾಗೇ ಇತ್ತು. ಆಸ್ಪತ್ರೆಯಲ್ಲಿ ಯಾರೂ ಒರೆಸಲಿಲ್ಲ. ನಾನೇ ಒರೆಸಿದೆ. ಐವತ್ತೊಂಬತ್ತು ವರ್ಷ ಅವರಿಗೆ.

ಐಟಿಐ ಓದಿದ್ದರು. ಕಂಪ್ಯೂಟರಿನ ಕೀಬೋರ್ಡು, ಟಕಟಕ ಸದ್ದು ಮಾಡುವ ಪ್ರಿಂಟರು ಜೋಡಿಸುವ ಫ್ಯಾಕ್ಟರಿಯಲ್ಲಿ ಹನ್ನೆರಡು ವರ್ಷ ಇದ್ದರು. ಅದು ಬಾಗಿಲು ಹಾಕಿದ ದಿನ ಎರಡು ಡಬ್ಬ ಹಳೇ ಚಿಪ್ ತಂದು ಹಜಾರದಲ್ಲಿ ಇಟ್ಟರು. ನಮ್ಮತ್ತೆ ಬಗ್ಗಿ ನೋಡಿದರು.

"ಏನ್ಲಾ ಇದು?"

"ಚಿಪ್ ಕಣವ್ವ."

"ಹನ್ನೆರಡು ವರ್ಷ ದುಡಿಸ್ಕೊಂಡು ಕೊನೆಗೂ ಕೈಗೆ ಚಿಪ್ಪೇ ಕೊಟ್ರಾ?"

ನಮ್ಮವರು ನಕ್ಕರು. ನಾನು ನಗಲಿಲ್ಲ. ಮನೆಯಲ್ಲಿ ಅಕ್ಕಿ ಇರಲಿಲ್ಲ.

ಜರಿಹುಳುವಿಗೆ ಇರುವಂತೆ ಎರಡೂ ಕಡೆ ಕಾಲಿರುವ ಕಪ್ಪು ತುಂಡು ಅದು. ಮೈಕ್ರೋಕಂಟ್ರೋಲರ್ ಎಂದು ಹೆಸರು. ಒಳಗೆ ಪ್ರೋಗ್ರಾಂ ಬರೆದಿಟ್ಟರೆ ಹೇಳಿದಷ್ಟು ಕೆಲಸ ಮಾಡುತ್ತದೆ, ಎದುರು ಮಾತಾಡುವುದಿಲ್ಲ. "ನಿನ್ನ ಹಾಗಲ್ಲ" ಎನ್ನುತ್ತಿದ್ದರು ನನಗೆ. ಬಸವೇಶ್ವರನಗರದಲ್ಲಿ ಒಂದು ಮನೆಯ ಹಿಂದಿನ ಪೋರ್ಷನ್ನು ಬಾಡಿಗೆಗೆ ಹಿಡಿದೆವು. ಅಡುಗೆಮನೆ ಪಕ್ಕದಲ್ಲೇ ಅವರ ಮೇಜು. ಪ್ರಿಂಟರ್ ರಿಪೇರಿ, ಕೀಬೋರ್ಡ್ ರಿಪೇರಿ, ನೀರಿನ ಟ್ಯಾಂಕಿ ತುಂಬಿದಾಗ ಮೋಟರು ತಾನೇ ನಿಲ್ಲುವ ಡಬ್ಬಿ, ಶಾಲೆಯ ಗಂಟೆ ತಾನೇ ಹೊಡೆಯುವ ಡಬ್ಬಿ. ನಾನು ಐದನೇ ಕ್ಲಾಸು. ಬೆಸುಗೆ ಹಾಕುವುದು ಕಲಿಸಿದರು. ಆರು ತಿಂಗಳಲ್ಲಿ ಅವರಿಗಿಂತ ಚೆನ್ನಾಗಿ ಹಾಕುತ್ತಿದ್ದೆ. ಚಿಪ್ ಯಾವ ಕಡೆ ಮುಖ ಮಾಡಿ ಕೂರಿಸಬೇಕು, ಯಾವ ಕಾಲಿಗೆ ಯಾವ ತಂತಿ, ಇಷ್ಟು ಹೇಳಿಕೊಟ್ಟರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾನು ಕೇಳಿದರೆ "ಅದು ನಿನಗ್ಯಾಕೆ?" ಎನ್ನುತ್ತಿದ್ದರು. ಬೀರುವಿನ ಮೇಲೆ ಇಟ್ಟಿದ್ದ ಚಿಪ್ಪಿನ ಡಬ್ಬಕ್ಕೆ ಕೈ ಹಾಕಿದರೆ "ಮುಟ್ಟಬೇಡ" ಎನ್ನುತ್ತಿದ್ದರು. ಟಿವಿ ರಿಮೋಟನ್ನೂ ಮುಟ್ಟಬೇಡ ಎನ್ನುತ್ತಿದ್ದ ಮನುಷ್ಯ. ಯಾವ ಮುಟ್ಟಬೇಡ ನಿಜವಾದದ್ದು ಎಂದು ನನಗೆ ಹೇಗೆ ತಿಳಿಯಬೇಕು?

ಅವರು ಮಾಡಿದ್ದರಲ್ಲಿ ದೊಡ್ಡ ಕೆಲಸ ಒಂದೇ. ಚಂದ್ರಾ ಲೇಔಟಿನ ಶಿವರಂಜನಿಗೆ ಮಾಡಿಕೊಟ್ಟ ಡಬ್ಬಿ.

ಶಿವರಂಜನಿಗೆ ಹುಟ್ಟಿನಿಂದ ಕೈಕಾಲು ಸ್ವಾಧೀನವಿಲ್ಲ. ಮಾತೂ ಬರುವುದಿಲ್ಲ. ಬುದ್ಧಿ ಮಾತ್ರ ಚಾಕು. ಅವಳ ಅಮ್ಮ ಲತಾ ಅವಳಿಗೆ ಓದು ಕಲಿಸಿದ್ದರು. ಏನಾದರೂ ಹೇಳಬೇಕಾದರೆ ಲತಾ ಕ, ಚ, ಟ, ತ, ಪ ಎಂದು ಸಾಲಾಗಿ ಹೇಳುತ್ತ ಹೋಗಬೇಕು, ಬೇಕಾದ ಅಕ್ಷರ ಬಂದಾಗ ಅವಳು ಕಣ್ಣಿನಲ್ಲಿ ಏನೋ ಮಾಡುತ್ತಾಳೆ. ಆ ಕಣ್ಣು ಲತಾ ಅವರಿಗೆ ಮಾತ್ರ ಅರ್ಥವಾಗುತ್ತದೆ. ನಾನು ಎಷ್ಟೋ ಸಲ ನೋಡಿದ್ದೇನೆ, ನನಗೆ ಗೊತ್ತಾಗಿಲ್ಲ.

ಅವರ ಮನೆಗೆ ಪ್ರಿಂಟರ್ ರಿಪೇರಿಗೆ ಹೋದ ನಮ್ಮವರು ಅವಳ ಬಲ ಹಿಮ್ಮಡಿ ಅಲ್ಲಾಡುವುದನ್ನು ನೋಡಿದರು. ಅಲ್ಲಿಂದ ಶುರು. ಹಲಗೆಯ ಮೇಲೆ ಅಕ್ಷರಗಳು, ಒಂದೊಂದಕ್ಕೂ ಒಂದು ಸಣ್ಣ ದೀಪ, ತಪ್ಪಿದ್ದನ್ನು ಅಳಿಸುವುದಕ್ಕೂ ಒಂದು. ದೀಪ ಒಂದರಿಂದ ಒಂದಕ್ಕೆ ಓಡುತ್ತದೆ. ಬೇಕಾದ ಅಕ್ಷರಕ್ಕೆ ಬಂದಾಗ ಹಿಮ್ಮಡಿಯಿಂದ ಗುಂಡಿ ಒತ್ತಿದರೆ ಅದು ಕಂಪ್ಯೂಟರಿನ ಪರದೆಯಲ್ಲಿ ಬೀಳುತ್ತದೆ. ಒಟ್ಟಿನಲ್ಲಿ ಒಂದೇ ಗುಂಡಿಯ ಕೀಬೋರ್ಡು. ದೀಪಗಳ ಬೆಸುಗೆ ಎಲ್ಲ ನನ್ನದು.

ಡಬ್ಬಿ ಒಂದು ವಾರದಲ್ಲಿ ಆಯಿತು. ಕಷ್ಟ ಅದಾಗಿರಲಿಲ್ಲ. ಅವಳ ಕಾಲು ನಡುಗುತ್ತದೆ. ಒತ್ತುವ ಮೊದಲು ಮೂರು ಸಲ, ನಾಲ್ಕು ಸಲ ಸುಮ್ಮನೆ ಬಡಿಯುತ್ತದೆ. ಚಳಿಯಲ್ಲಿ ಹೆಚ್ಚು, ಸಿಟ್ಟು ಬಂದರೆ ಇನ್ನೂ ಹೆಚ್ಚು. ನಡುಕ ಯಾವುದು, ಒತ್ತಿದ್ದು ಯಾವುದು ಎಂದು ಚಿಪ್ಪಿಗೆ ತಿಳಿಯಬೇಕು. ಅದಕ್ಕೆ ಅವರು ಎಂಟು ತಿಂಗಳು ಅವಳ ಕಾಲಿನ ಹತ್ತಿರ ನೆಲದ ಮೇಲೆ ಕೂತರು. ನೋಡುವುದು, ಮನೆಗೆ ಬಂದು ಚಿಪ್ಪಿನಲ್ಲಿ ತಿದ್ದುವುದು, ಮತ್ತೆ ಹೋಗುವುದು. ನಾನು ಜಗಳ ಆಡಿದ್ದೂ ಉಂಟು. ಕೊನೆಗೆ ಒಂದು ದಿನ ನಡುಕವನ್ನೆಲ್ಲ ಬಿಟ್ಟು ಒತ್ತಿದ್ದನ್ನು ಮಾತ್ರ ಹಿಡಿಯಿತು. ಅವತ್ತು ನಾನೂ ಇದ್ದೆ. ಶಿವರಂಜನಿ ಮೊದಲು ಬರೆದದ್ದು, "ಅಮ್ಮ ಸಾರಿಗೆ ಉಪ್ಪು ಜಾಸ್ತಿ ಹಾಕ್ತೀಯ."

ಲತಾ ಬಾಯಿಗೆ ಸೆರಗು ಹಿಡಿದರು. "ಹತ್ತೊಂಬತ್ತು ವರ್ಷ ಸುಮ್ನೆ ತಿಂದ್ಯೇನೇ?"

ಆಮೇಲೆ ಅವಳು ವಿಜಯನಗರದ ಒಂದು ಪ್ರೆಸ್ಸಿಗೆ ಲಗ್ನಪತ್ರಿಕೆ ಟೈಪ್ ಮಾಡಿಕೊಡಲು ಶುರು ಮಾಡಿದಳು. ಹುಡುಗನ ಕಡೆಯವರು ಬರೆದುಕೊಟ್ಟ ತಪ್ಪುಗಳನ್ನು ತಾನೇ ತಿದ್ದುತ್ತಿದ್ದಳು. ನಮ್ಮವರು ಹೋದಾಗೆಲ್ಲ ಪರದೆಯಲ್ಲಿ ತಯಾರಾಗಿ ಒಂದು ಬೈಗುಳ ಇರುತ್ತಿತ್ತು. "ಮುನಿಯಣ್ಣ ಶರ್ಟ್ ಗುಂಡಿ ಮೇಲೆ ಕೆಳಗೆ." ಇವರು ನೋಡಿಕೊಂಡು "ಲೇ, ನಿಂಗೆ ಬಾಯಿ ಕೊಟ್ಟಿದ್ದೇ ತಪ್ಪಾಯ್ತು ಕಣೇ" ಎನ್ನುತ್ತಿದ್ದರು. ನಮಗೆ ಮಕ್ಕಳಿಲ್ಲ. ಇದನ್ನು ಇಷ್ಟಕ್ಕೇ ಬಿಡುತ್ತೇನೆ.

ಕಾಲ ಓಡಿತು. ಕೀಬೋರ್ಡು ಕೆಟ್ಟರೆ ಬಿಸಾಕಿ ಹೊಸದು ತರುವುದಾಯಿತು. ಗುಂಡನೆಯ ಪ್ಲಗ್ಗು ಹೋಗಿ ಚಪ್ಪಟೆ ಯುಎಸ್‌ಬಿ ಬಂತು. ಶಿವರಂಜನಿಯ ಡಬ್ಬಿಗೆ ಮಧ್ಯೆ ಇನ್ನೊಂದು ತುಂಡು ಸೇರಿಸಿ ಹೊಸ ಕಂಪ್ಯೂಟರಿಗೆ ಹೊಂದಿಸಿದರು. ಚಿಪ್ಪಿಗೆ ಬರೆಯಲು ಇವರು ಬಳಸುತ್ತಿದ್ದ ಹಳೇ ಕಂಪ್ಯೂಟರು ಒಂದು ದಿನ ಕೆಟ್ಟು ಕೂತಿತು. ಅದರೊಳಗಿದ್ದ ಪ್ರೋಗ್ರಾಮುಗಳೂ ಹೋದವು. ಫ್ಯಾಕ್ಟರಿಯಲ್ಲಿ ಜೊತೆಗಿದ್ದ ಮಧ್ವೇಶ್ ಮನೆಗೆ ಬಂದು ಬುದ್ಧಿ ಹೇಳಿದರು. ಅವರದು ರಾಜಾಜಿನಗರದಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ.

"ಹೊಸ ಚಿಪ್ಪಿಗೆ ಬಾ ಗುರು. ಮೊಬೈಲ್ ವೈರು ಚುಚ್ಚಿದ್ರೆ ಪ್ರೋಗ್ರಾಂ ಇಳಿಯುತ್ತೆ. ನೀನಿನ್ನೂ ಅಜ್ಜನ ಕಾಲದ್ದು ಇಟ್ಕೊಂಡು ಕೂತಿದೀಯಲ್ಲ."

"ಓಡ್ತಿರೋದನ್ನ ಯಾಕೆ ಬಿಚ್ಚಲಿ? ಕಾಪಿ ಇನ್ನೊಂದು ಚಿಪ್ಪಲ್ಲಿದೆ. ಭದ್ರವಾಗಿದೆ."

ಭದ್ರವಾಗಿತ್ತು. ಬೀರುವಿನ ಮೇಲಿನ ಡಬ್ಬದಲ್ಲಿ.

ಅವರು ತೀರಿಕೊಂಡ ಹನ್ನೊಂದನೇ ದಿನಕ್ಕೆ ಅವರ ಅಕ್ಕ ವೆಂಕಟಲಕ್ಷ್ಮಮ್ಮ ಸೆರಗು ಕಟ್ಟಿ ನಿಂತರು. "ಒಂದು ಚೂರೂ ಒಳಗೆ ಬಿಡಬೇಡ ಕಣೇ. ಸೂತಕದ ಮನೆ. ತೊಳೆಯೋದು ತೊಳಿ, ಒಣಗಿಸೋದು ಒಣಗಿಸು." ಹಾಸಿಗೆ, ಪಾತ್ರೆ, ಬಟ್ಟೆ ಎಲ್ಲ ಈಚೆಗೆ ಬಂತು. ಆ ಡಬ್ಬವೂ ಬಂತು. ಬೇಡ ಎನ್ನುವವರು ಇರಲಿಲ್ಲ.

ಒಳಗೆ ಇಪ್ಪತ್ತಾರು ಚಿಪ್. ಎಲ್ಲದರ ಬೆನ್ನ ಮೇಲೂ ಕಪ್ಪು ಸ್ಟಿಕ್ಕರು, ಅದರ ಮೇಲೆ ಅವರ ಕೈಯ ನಂಬರು. ಸ್ಟಿಕ್ಕರಿನ ಅಂಟು ಕರಗಿ ಜಿರಲೆ, ಕೂದಲು ಮೆತ್ತಿಕೊಂಡಿದ್ದವು. ನಂಬರು ಕಳೆದುಹೋಗಬಾರದೆಂದು ಒಂದೊಂದರ ಹೊಟ್ಟೆಯ ಮೇಲೂ ಮಾರ್ಕರಿನಲ್ಲಿ ಅದೇ ನಂಬರು ಬರೆದೆ. ಆಮೇಲೆ ಉಗುರಿನಿಂದ ಸ್ಟಿಕ್ಕರು ಕಿತ್ತೆ. ಕೆಳಗೆ ಪುಟ್ಟ ಗಾಜು. ಗಾಜಿನೊಳಗೆ ಚಿನ್ನದ ಎಳೆ ಮಿಂಚುತ್ತಿತ್ತು. ಮೂವತ್ತೆರಡು ವರ್ಷ ಸಂಸಾರ ಮಾಡಿದರೂ ಇಷ್ಟು ಚೆಂದದ್ದನ್ನು ನನಗೆ ತೋರಿಸಲಿಲ್ಲವಲ್ಲ ಎನಿಸಿತು. ಬಟ್ಟೆಯಲ್ಲಿ ಒರೆಸಿ ಮೊರದಲ್ಲಿ ಹರಡಿ ತಾರಸಿಯಲ್ಲಿ ಇಟ್ಟೆ. ಗಾಜು ಮೇಲೆ. ಸಂಜೆ ಒಳಗೆ ತರುವುದು, ಬೆಳಿಗ್ಗೆ ಮತ್ತೆ ಇಡುವುದು. ಸಂಡಿಗೆ ಒಣಗಿಸಿದ ಹಾಗೆ ಹದಿನಾಲ್ಕು ದಿನ. ಏಪ್ರಿಲ್ ಬಿಸಿಲು. ಮಾಡಲು ಬೇರೆ ಕೆಲಸವೂ ಇರಲಿಲ್ಲ. ಮೊರ ಇಟ್ಟುಕೊಂಡು ಪಕ್ಕದಲ್ಲೇ ಕೂತಿರುತ್ತಿದ್ದೆ.

ಮೇ ತಿಂಗಳಲ್ಲಿ ಲತಾ ಬಂದರು. ಚಂದ್ರಾ ಲೇಔಟಿನಲ್ಲಿ ಒಂದು ಸಂಜೆ ಕರೆಂಟು ಒಮ್ಮೆಲೇ ಜಾಸ್ತಿ ಬಂದು ಅವರ ಫ್ರಿಜ್ಜು, ಫ್ಯಾನು, ಡಬ್ಬಿ ಎಲ್ಲ ಸುಟ್ಟಿದ್ದವು.

"ಫ್ರಿಜ್ ಹೋದ್ರೆ ಹೋಗ್ಲಿ. ಡಬ್ಬಿ ಇಲ್ದೆ ಅವ್ಳು ಊಟ ಬಿಟ್ಟಿದಾಳೆ. ಅಣ್ಣ ಇನ್ನೊಂದು ಚಿಪ್ ಇಟ್ಟಿದೀನಿ ಅಂದಿದ್ರು. ಹದಿನೇಳನೇ ನಂಬರು ಅಂತ."

ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಡಬ್ಬ ತೆಗೆದು ಹೊಟ್ಟೆ ನೋಡಿ ಹದಿನೇಳನ್ನು ಕೈಯಲ್ಲಿ ಹಿಡಿದೆ. ಬ್ಯಾಗಿಗೆ ಬೆಸುಗೆ ಕಡ್ಡಿ ಹಾಕಿಕೊಂಡು ಲತಾ ಜೊತೆಗೇ ಹೊರಟೆ. ಸುಟ್ಟ ತುಂಡುಗಳನ್ನು ಬದಲಾಯಿಸಿದೆ. ಸುಟ್ಟುಹೋಗಿದ್ದ ಹಳೇ ಚಿಪ್ ತೆಗೆದು ಹದಿನೇಳನ್ನು ಕೂರಿಸಿದೆ. ಶಿವರಂಜನಿ ಕತ್ತು ಚಾಚಿ ನೋಡುತ್ತಿದ್ದಳು. ಸ್ವಿಚ್ ಹಾಕಿದೆ.

ಒಂದು ದೀಪವೂ ಹತ್ತಲಿಲ್ಲ.

ಬೆಸುಗೆ ನೋಡಿದೆ, ತಂತಿ ನೋಡಿದೆ. ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ಮರುದಿನ ಡಬ್ಬ ಎತ್ತಿಕೊಂಡು ಮಧ್ವೇಶ್ ಅಂಗಡಿಗೆ ಹೋದೆ. ಅವರು ಹದಿನೇಳನ್ನು ಒಂದು ಯಂತ್ರದಲ್ಲಿ ಕೂರಿಸಿ ಕಂಪ್ಯೂಟರಿನಲ್ಲಿ ಓದಿಸಿದರು. ಪರದೆಯ ತುಂಬ ಒಂದೇ ಅಕ್ಷರ. ಇನ್ನೊಂದು ಚಿಪ್ ಹಾಕಿದರು. ಅದೂ ಹಾಗೇ. ಆರು ಚಿಪ್ ಓದಿಸಿ ನಿಲ್ಲಿಸಿದರು.

"ಎಲ್ಲಾ ಖಾಲಿ ಕಣಮ್ಮ."

"ಖಾಲಿ ಹೇಗಾಗುತ್ತೆ? ಯಾರೂ ಮುಟ್ಟಿಲ್ಲ."

ಅವರು ಚಿಪ್ ತಿರುಗಿಸಿ ಗಾಜು ನೋಡಿದರು. "ಇದರ ಮೇಲೆ ಸ್ಟಿಕ್ಕರ್ ಇತ್ತಲ್ವಾ?"

"ಗಲೀಜಾಗಿತ್ತು. ಕಿತ್ತೆ."

"ಆಮೇಲೆ?"

"ಬಿಸಿಲಿಗೆ ಇಟ್ಟೆ."

ಮಧ್ವೇಶ್ ಕನ್ನಡಕ ತೆಗೆದರು. ಆಮೇಲೆ ನಿಧಾನವಾಗಿ ಹೇಳಿದರು. ಹಳೇ ಕಾಲದ ಚಿಪ್ಪಿಗೆ ಆ ಗಾಜಿನ ಕಿಟಕಿ ಇಡುವುದೇ ಅಳಿಸುವುದಕ್ಕೆ. ಒಂದು ಥರದ ನೀಲಿ ಲೈಟಿನ ಕೆಳಗೆ ಇಟ್ಟರೆ ಬರೆದದ್ದು ಅಳಿಸಿ ಹೋಗುತ್ತದೆ, ಮತ್ತೆ ಹೊಸದು ಬರೆಯಬಹುದು. ಬಿಸಿಲಿನಲ್ಲೂ ಆ ಲೈಟು ಇರುತ್ತದೆ. ಒಂದು ವಾರ ಸಾಕು. ಅಳಿಸಬಾರದು ಎಂದೇ ಮೇಲೆ ಸ್ಟಿಕ್ಕರು. "ಈಗಿನ ಚಿಪ್ಪಿಗೆ ಕಿಟಕಿನೇ ಇಲ್ಲಮ್ಮ. ನಿಮಗೆ ಹೆಂಗೆ ಗೊತ್ತಾಗಬೇಕು?"

ನಾನು ಕೂಡಿಸಿ ನೋಡಿಕೊಂಡೆ. ಎಂಟು ತಿಂಗಳು ಅವರು ನೆಲದ ಮೇಲೆ ಕೂತು ಆ ಕಾಲಿನ ಬಗ್ಗೆ ತಿಳಿದುಕೊಂಡದ್ದು ಆ ಹದಿನೇಳರಲ್ಲಿತ್ತು. ಅವರ ಬೂದಿಯನ್ನು ಬೇರೆಯವರು ನೀರಿಗೆ ಬಿಟ್ಟರು. ಇದನ್ನು ನನ್ನ ಕೈಯಿಂದಲೇ ಕಳೆದೆ.

ಮಧ್ವೇಶ್ ಒಂದು ಹೊಸ ಚಿಪ್ ತೋರಿಸಿದರು. ಉಗುರಿನಷ್ಟಿತ್ತು. ದೀಪ ಓಡಿಸುವುದು, ಅಕ್ಷರ ಕಳಿಸುವುದು ನಾಲ್ಕು ದಿನದ ಕೆಲಸ ಎಂದರು. "ಆದ್ರೆ ಆ ಹುಡುಗಿ ಕಾಲು ನಂಗೊತ್ತಿಲ್ಲ. ನಡುಕ ಎಷ್ಟು ಹೊತ್ತು, ಒತ್ತಿದ್ದು ಎಷ್ಟು ಹೊತ್ತು, ಯಾರಾದ್ರೂ ಕೂತು ನೋಡಿ ಹೇಳಬೇಕು. ಅಂಗಡಿ ಬಿಟ್ಟು ನಾನು ಕೂರಕ್ಕಾಗಲ್ಲ."

ನಾನು ಕೂರುತ್ತೇನೆ ಎಂದೆ.

ಮೊದಲು ನಿಜ ಹೇಳಬೇಕಿತ್ತು. ಚಂದ್ರಾ ಲೇಔಟಿಗೆ ಹೋಗಿ ಇಬ್ಬರ ಎದುರಿಗೂ ಹೇಳಿದೆ. "ಚಿಪ್ ಕೆಟ್ಟಿರಲಿಲ್ಲ. ನಾನೇ ಅಳಿಸಿದೆ. ಗೊತ್ತಿಲ್ಲದೆ ಬಿಸಿಲಿಗಿಟ್ಟೆ."

ಲತಾ ನನ್ನನ್ನೇ ನೋಡಿದರು. "ಒಂದು ಮಾತು ಯಾರನ್ನಾದ್ರೂ ಕೇಳಬಾರದಿತ್ತಾ?" ಅಷ್ಟೇ ಹೇಳಿ ಅಡುಗೆಮನೆಗೆ ಹೋದರು.

ಶಿವರಂಜನಿ ಸದ್ದು ಮಾಡಿದಳು. ದೊಡ್ಡ ಸದ್ದು. ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು. ನನಗೆ ಏನೋ ಹೇಳಬೇಕಾಗಿತ್ತು ಅವಳಿಗೆ. ನಾನು ಕ, ಚ, ಟ ಎಂದು ಹೇಳಿ ನೋಡಿದೆ. ಅವಳ ಕಣ್ಣು ನನಗೆ ಅರ್ಥವಾಗಲಿಲ್ಲ. "ಲತಕ್ಕ, ಏನಂತಾಳೆ ಕೇಳಿ" ಎಂದೆ. ಒಳಗಿನಿಂದ "ನಾನು ಕೇಳಲ್ಲ. ಅವಳೇ ಬರೆದು ಹೇಳ್ಲಿ ಬಿಡಿ" ಎಂದು ಬಂತು.

ಹೀಗಾಗಿ ಅವಳು ಏನು ಹೇಳಬೇಕೆಂದಿದ್ದಳೋ ಅದು ಅವಳೊಳಗೇ ಉಳಿಯಿತು. ಬೈದಳೋ, ಶಾಪ ಹಾಕಿದಳೋ. ದಿನಾ ಅದೇ ಯೋಚನೆ.

ದಿನಾ ಹೋದೆ. ಅವಳ ಕಾಲಿನ ಹತ್ತಿರ ನೆಲದ ಮೇಲೆ ಕೂತೆ. ಮಧ್ವೇಶ್ ಮಾಡಿಕೊಟ್ಟ ಹೊಸ ಡಬ್ಬಿ ನಡುಕವನ್ನೆಲ್ಲ ಅಕ್ಷರ ಎಂದುಕೊಂಡು ಪರದೆ ತುಂಬ ಕಕಕಕ ಎಂದು ಸುರಿಯುತ್ತಿತ್ತು. ನಾನು ಹಿಮ್ಮಡಿಯ ಕೆಳಗೆ ಅಂಗೈ ಇಟ್ಟು ಬಡಿತ ಎಣಿಸಿ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದೆ. ನಡುಕಕ್ಕೆ ಸಣ್ಣ ಗೀಟು, ಒತ್ತಿದ್ದಕ್ಕೆ ಉದ್ದ ಗೀಟು. ಸಂಜೆ ರಾಜಾಜಿನಗರಕ್ಕೆ ಹೋಗಿ ಮಧ್ವೇಶ್ ಕೈಗೆ ಕೊಡುವುದು. ಅವರು ಚಿಪ್ಪಿನಲ್ಲಿ ತಿದ್ದಿ ಕೊಡುವುದು. ನಿಜವಾಗಿ ಒತ್ತುವಾಗ ಅವಳು ಉಸಿರು ಹಿಡಿಯುತ್ತಾಳೆ ಎಂಬುದು ಮೂರನೇ ವಾರದಲ್ಲಿ ತಿಳಿಯಿತು. ಇದು ನಮ್ಮವರಿಗೂ ಗೊತ್ತಿತ್ತೇ? ಕೇಳಲು ಅವರಿಲ್ಲ. ಲತಾ ಒಂದು ತಿಂಗಳು ನನಗೆ ಕಾಫಿ ಕೊಡಲಿಲ್ಲ. ಪ್ರೆಸ್ಸಿನವರು ಕಾದು ಕಾದು ಕೆಲಸವನ್ನು ಬೇರೆಯವರಿಗೆ ಕೊಟ್ಟರು.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಪರದೆಯಲ್ಲಿ ಒಂದೇ 'ಮು' ಬಂತು. ಅದಾದ ಮೇಲೆ 'ನಿ'. ಲತಾ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ನಾನು ಅಂಗೈ ತೆಗೆಯಲಿಲ್ಲ. ತಪ್ಪು ಅಕ್ಷರ ಬರುವುದು, ಅದನ್ನು ಅಳಿಸುವುದು, ಮತ್ತೆ ಒತ್ತುವುದು. ಮೊದಲಾಗಿದ್ದರೆ ಎರಡು ನಿಮಿಷ. ಈಗ ಅರ್ಧ ಗಂಟೆಯಾಯಿತು.

"ಮುನಿಯಣ್ಣ ನಿಮಗೆ ಹೇಳಬೇಕಿತ್ತು."

ಅವತ್ತು ಅವಳು ಹೇಳಲು ಒದ್ದಾಡಿದ್ದು ಇದೇ. ಮೂರು ತಿಂಗಳು ಇಟ್ಟುಕೊಂಡಿದ್ದಳು.

"ಹೌದು, ಹೇಳಬೇಕಿತ್ತು" ಎಂದೆ. ಲತಾ ನನ್ನ ಹೆಗಲ ಮೇಲೆ ಕೈ ಇಟ್ಟರು. ಸ್ಟಿಕ್ಕರು ಯಾಕೆ ಎಂದು ಅವರು ಹೇಳಿದ್ದರೆ ನಾನು ಕೀಳುತ್ತಿರಲಿಲ್ಲ, ಆ ಮಾತು ನ್ಯಾಯವಾದದ್ದೇ. ನನ್ನ ಹೊಟ್ಟೆಯೊಳಗೂ ಅದೇ ಇತ್ತು. ಆದರೂ ಸತ್ತವರ ಮೇಲೆ ಅದು ಪರದೆಯಲ್ಲಿ ಬರೆದು ನಿಂತದ್ದನ್ನು ನೋಡಲು ನನ್ನಿಂದ ಆಗಲಿಲ್ಲ. ಅವರು ಕೆಟ್ಟವರಲ್ಲ ಕಣಮ್ಮ ಎಂದು ಅವಳಿಗೆ ಹೇಳಹೋದೆ. ಅರ್ಧಕ್ಕೇ ಬಿಟ್ಟು ಪರದೆಯಿಂದ ಮುಖ ತಿರುಗಿಸಿದೆ.

ಅವಳು ಅದನ್ನು ಅಳಿಸಲು ಶುರು ಮಾಡಿದಳು. ಒಂದೊಂದೇ ಅಕ್ಷರ, ಕೊನೆಯಿಂದ. ಪ್ರತಿಯೊಂದಕ್ಕೂ ಉಸಿರು ಹಿಡಿದು ಒತ್ತಬೇಕು. ಬೇಡ ಬಿಡೇ ಎಂದರೂ ಬಿಡಲಿಲ್ಲ. 'ಮುನಿಯಣ್ಣ' ಮಾತ್ರ ಉಳಿದಾಗ ಕಾಲು ಸೋತು ನಿಲ್ಲಿಸಿದಳು.